ಎಣಿಕೆಯಿಂದ ಇಳಿದವರು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ನನಗೆ ಸಂಬಳ ಬರುವುದೇ ಕುಲಾವಿ ಹೊಲಿಯುವುದಕ್ಕೆ. ಇನ್ನು ಹದಿನೈದು ವರ್ಷಕ್ಕೆ ಯಾವ ಕಾಯಿಲೆಯವರು ಎಷ್ಟು ಮಂದಿ ಇರುತ್ತಾರೆ ಎಂದು ಲೆಕ್ಕ ಹಾಕಿ ಹೇಳುವ ಕಚೇರಿ ನಮ್ಮದು. ಅದನ್ನು ನೋಡಿಕೊಂಡು ಆಸ್ಪತ್ರೆಗಳವರು ಹಾಸಿಗೆ ಎಷ್ಟು ಬೇಕು, ಔಷಧಿ ಎಷ್ಟು ಬೇಕು ಎಂದು ಗೊತ್ತುಮಾಡಿಕೊಳ್ಳುತ್ತಾರೆ. ನಾಲ್ಕನೆಯ ಮಹಡಿ, ಆರು ಮೇಜು, ತೊಟ್ಟಿಕ್ಕುವ ಒಂದು ಎ.ಸಿ., ಅದರ ಕೆಳಗೊಂದು ನೀಲಿ ಬಕೆಟ್ಟು. ಆ ಬಕೆಟ್ಟು ಯಾವಾಗ ತುಂಬುತ್ತದೆ ಎನ್ನುವುದು ಮಾತ್ರ ನಮ್ಮಲ್ಲಿ ಯಾರಿಗೂ ಮುಂಚಿತವಾಗಿ ಗೊತ್ತಾಗುತ್ತಿರಲಿಲ್ಲ. ಉಕ್ಕಿ ಹರಿದು ಯಾರದಾದರೂ ಚಪ್ಪಲಿ ಒದ್ದೆಯಾದ ಮೇಲೆಯೇ ಎದ್ದು ಹೋಗಿ ಚೆಲ್ಲುತ್ತಿದ್ದೆವು.

ಈ ವರ್ಷ ನನ್ನ ಪಾಲಿಗೆ ಬಂದದ್ದು ಕರುಳಿನ ಉರಿಯೂತ. ಒಂದು ಹೊತ್ತು ಉಪವಾಸವಿದ್ದರೆ ಹೋಗುವಂಥ ಹೊಟ್ಟೆನೋವಲ್ಲ ಅದು. ಹೆಚ್ಚಾಗಿ ಹರೆಯದಲ್ಲಿ ಬರುತ್ತದೆ. ಕರುಳಿನ ಒಳಮೈ ಊದಿ ಹುಣ್ಣಾಗುತ್ತದೆ, ಹೊಟ್ಟೆ ಹಿಂಡುತ್ತದೆ, ರಕ್ತ ಹೋಗುತ್ತದೆ, ಮಾತಿನ ನಡುವೆ ಎದ್ದು ಓಡಬೇಕಾಗುತ್ತದೆ. ಔಷಧಿ ತೆಗೆದುಕೊಂಡರೆ ವರ್ಷಗಟ್ಟಲೆ ತಣ್ಣಗೆ ಮಲಗಿರುತ್ತದೆ. ಇದನ್ನೆಲ್ಲ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ಏಕೆಂದರೆ ನನ್ನ ತಮ್ಮನಿಗೆ ಕಾಲೇಜು ಮುಗಿಯುವ ಮುಂಚೆಯೇ ಅದು ಬಂದಿತ್ತು. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಓಡಾಡಿದವಳು ನಾನೇ.

ನಮ್ಮ ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ಬಸ್ಸಿನಲ್ಲಿ ಈಗ ಎಷ್ಟು ಜನ ಇದ್ದಾರೆ, ಪ್ರತಿವರ್ಷ ಎಷ್ಟು ಜನ ಹತ್ತುತ್ತಾರೆ, ಎಷ್ಟು ಜನ ಇಳಿಯುತ್ತಾರೆ. ಇಷ್ಟು ಗೊತ್ತಾದರೆ ಹದಿನೈದು ವರ್ಷದ ಮೇಲೆ ಬಸ್ಸು ಹೇಗಿರುತ್ತದೆಂದು ಹೇಳಬಹುದು. ಇಳಿಯುವವರಲ್ಲಿ ಎರಡು ಬಗೆ. ಒಂದು, ಸತ್ತವರು. ಇನ್ನೊಂದು, ಸತತ ಮೂರು ವರ್ಷ ಆಸ್ಪತ್ರೆಯ ಕಡೆ ತಲೆ ಹಾಕದವರು. ಅಂಥವರಿಗೆ ಗುಣವಾಗಿರಬೇಕೆಂದು ನನಗಿಂತ ಮುಂಚೆ ಇದ್ದವರು ಯಾರೋ ತೀರ್ಮಾನಿಸಿ ಲೆಕ್ಕದಿಂದ ಇಳಿಸುವ ನಿಯಮ ಮಾಡಿದ್ದರು. ಬೇರೆ ಹತ್ತು ಕಾಯಿಲೆಗಳಿಗೆ ಅದು ಸರಿಯಾಗಿ ಹೊಂದುತ್ತಿತ್ತು. ಹಾಗಾಗಿ ಇದಕ್ಕೂ ಹಾಗೆಯೇ ಹೊಲಿದುಬಿಟ್ಟಿದ್ದರು. ಕಚೇರಿಯಲ್ಲಿ ನಾವು ಆ ನಿಯಮವನ್ನು 'ಹಿಂಬಾಗಿಲು' ಎನ್ನುತ್ತಿದ್ದೆವು.

ನನ್ನ ತಮ್ಮ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟರು. ಕಾರಿನ ಎಡಗಡೆ ಕೂತು, ಕಾಲಡಿಗೆ ಒಂದು ಹೆಚ್ಚಿನ ಬ್ರೇಕು ಇಟ್ಟುಕೊಂಡು, ಊರಿನ ಅಂಜುಬುರುಕರಿಗೆಲ್ಲ ಗಾಡಿ ಕಲಿಸುತ್ತಾನೆ. ಅಮ್ಮನ ಮನೆಯಲ್ಲಿ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಆಸ್ಪತ್ರೆಗೆ ಯಾವಾಗ ಹೋಗಿದ್ದೆಯೋ ಎಂದು ಅವನನ್ನು ಕೇಳಿದೆ.

"ಹೋಗಿಲ್ಲ. ಮೂರು ವರ್ಷದ ಮೇಲಾಯ್ತು," ಎಂದ, ತಟ್ಟೆ ನೋಡುತ್ತ.

"ಮಾತ್ರೆ?"

"ಅದನ್ನೂ ಬಿಟ್ಟೆ. ಆರಾಮಾಗಿದ್ನಲ್ಲ, ಯಾಕೆ ಸುಮ್ನೆ ಅಂತ."

ನಾನು ಬೈಯಬೇಕಾಗಿತ್ತು. ಬೇರೆ ಯಾವ ಅಕ್ಕನಾದರೂ ಬೈಯುತ್ತಿದ್ದಳು. ನಾನು ಮಾತ್ರ ಚಮಚ ಎತ್ತಿಕೊಂಡು ಲೋಟಕ್ಕೆ ಟಣ್ ಎಂದು ಬಡಿದೆ. "ಎಲ್ರೂ ಕೇಳಿ! ಮೂರು ವರ್ಷ ದಾಟ್ತು ಅಂದ್ರೆ ನಮ್ಮ ಲೆಕ್ಕದಿಂದ ಇಳಿದ ಹಾಗೆ. ಇವತ್ತಿಂದ ಇವ್ನು ಕಾಯಿಲೆಯವನಲ್ಲ."

ಅಮ್ಮ ಕೈತೊಳೆಯದೆ ಎದ್ದು ಬಂದು ಅವನ ತಲೆ ನೇವರಿಸಿದಳು. ಅಷ್ಟು ವರ್ಷ ಅವನಿಗೆಂದೇ ಬೇರೆ ಪಾತ್ರೆಯಲ್ಲಿ ಉಪ್ಪು ಖಾರ ಇಲ್ಲದ ತರಕಾರಿ ಬೇಯಿಸುತ್ತಿದ್ದಳು. ಅಂದು ಆ ಪಾತ್ರೆಯನ್ನು ತೊಳೆದು ಅಟ್ಟಕ್ಕೆ ಹಾಕಿಸಿದಳು. ಎಲ್ಲರಿಗೂ ಬಡಿಸಿದ್ದನ್ನೇ ಅವನಿಗೂ ಬಡಿಸಿದಳು. ಅವನೂ ನಗುತ್ತ ಉಂಡ. ನೆಂಟರಿಗೆಲ್ಲ ಫೋನು ಮಾಡಿ ಹೇಳಿದವಳೂ ನಾನೇ, ಲೆಕ್ಕದ ಮಗಳು ಹೇಳಿದ ಮೇಲೆ ಮುಗಿಯಿತು ಎಂದು ನಂಬಿದವರು ಅವರು.

ಇದು ನಡೆದು ಹತ್ತಿರ ಹತ್ತಿರ ಒಂದು ವರ್ಷವಾದ ಮೇಲೆ ನನ್ನ ಮುನ್ನೋಟ ಸಿದ್ಧವಾಯಿತು. ಚಿತ್ರದಲ್ಲಿ ಗೆರೆ ಸ್ವಲ್ಪ ಏರಿ, ಆಮೇಲೆ ಮಟ್ಟಸವಾಗಿ ಮಲಗಿತ್ತು. ನಮ್ಮ ಮುಖ್ಯಸ್ಥೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಎದುರಿಗೂ ಹಾಗೆಯೇ ಕರೆಯುತ್ತೇವೆ, ಓಗೊಡುತ್ತಾರೆ.

"ಬಸ್ಸಿನಿಂದ ಇಷ್ಟೊಂದು ಜನ ಇಳೀತಾರಲ್ಲ, ಇವರನ್ನ ಇಳಿದ ಮೇಲೆ ಕಂಡವರು ಯಾರು?" ಎಂದು ಕೇಳಿದರು.

"ಹಿಂಬಾಗಿಲ ನಿಯಮ ಇದೆಯಲ್ಲ ದೊಡ್ಡಮ್ಮ. ಮೂರು ವರ್ಷ ಬರ್ಲಿಲ್ಲ ಅಂದ್ರೆ…"

"ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂತ ಅಷ್ಟೆ. ಫೋನ್ ಮಾಡಿಸಿ ಕೇಳು."

ನನಗೆ ಮೈಯೆಲ್ಲ ಉರಿಯಿತು. ಮುಗಿದ ಕೆಲಸಕ್ಕೆ ಮತ್ತೆ ಕೈ ಹಾಕುವುದೆಂದರೆ ನನಗಾಗದು. ಆದರೂ ಎರಡು ದೊಡ್ಡ ಆಸ್ಪತ್ರೆಗಳಿಂದ, ಮೂರು ವರ್ಷ ಬಾರದವರ ನಂಬರುಗಳನ್ನು ತರಿಸಿದೆವು. ಹೆಸರಿಲ್ಲ, ವಿಳಾಸವಿಲ್ಲ. ನಂಬರು ಕೂಡ ನಮ್ಮ ಕಣ್ಣಿಗೆ ಕಾಣದಂತೆ ಕಂಪ್ಯೂಟರೇ ಡಯಲ್ ಮಾಡುತ್ತಿತ್ತು. ಮಾತಾಡುವುದಕ್ಕೆ ಒಬ್ಬಳನ್ನು ಗೊತ್ತುಮಾಡಿದೆವು. ಅವಳು ಹಿಂದೆ ರೈಲು ನಿಲ್ದಾಣದಲ್ಲಿ ಗಾಡಿಗಳ ವೇಳೆ ಸಾರುತ್ತಿದ್ದವಳು. ರೈಲು ಹೋಯಿತೆಂದರೂ ಬೇಜಾರಾಗದ ಹಾಗಿತ್ತು ಅವಳ ದನಿ. ನಾವು ಅವಳನ್ನು ಪ್ಲಾಟ್‌ಫಾರಂ ಎಂದೇ ಕರೆದೆವು, ಅವಳೂ ನಕ್ಕು ಸುಮ್ಮನಾದಳು.

ಅವಳು ಪ್ರಶ್ನೆಗಳನ್ನು ಸರಿಯಾಗಿ ಕೇಳುತ್ತಾಳೋ ಇಲ್ಲವೋ ನೋಡಲು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು ನನ್ನ ಕೆಲಸ. ಕೇಳಿಸಿಕೊಳ್ಳುವವರು ಬಾಯಿ ಹಾಕಬಾರದು ಎನ್ನುವುದು ನಮ್ಮ ಕಟ್ಟುನಿಟ್ಟು. ಅದಕ್ಕಾಗಿ ನನ್ನ ಹೆಡ್‌ಫೋನಿನ ಮೈಕಿನ ತಂತಿಯನ್ನೇ ಕತ್ತರಿಸಿ ಹಾಕಿದ್ದರು. ಕೇಳಿದ ಮಾತು ಕರೆ ಮಾಡುವ ಕೋಣೆ ದಾಟಬಾರದು ಎಂದು ಸಹಿ ಕೂಡ ಮಾಡಿದ್ದೆ.

ಮೊದಲನೆಯ ದಿನವೇ ನನ್ನ ಗರ್ವ ಇಳಿಯತೊಡಗಿತು. ಒಬ್ಬರಿಗೂ ಗುಣವಾದಂತೆ ಕಾಣಲಿಲ್ಲ. ಒಬ್ಬ ಬೇರೆ ಊರಿಗೆ ಹೋಗಿದ್ದ, ಅಲ್ಲಿಯ ಡಾಕ್ಟರಲ್ಲಿ ಔಷಧಿ ನಡೆಯುತ್ತಿತ್ತು. ಒಬ್ಬಳು ಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟುಕೊಂಡೇ ಮಾತಾಡುತ್ತಿದ್ದಳು, ಪದೇ ಪದೇ ಕೆಲಸಕ್ಕೆ ರಜೆ ಕೇಳಲು ನಾಚಿಕೆಯಾಗಿ ಆಸ್ಪತ್ರೆ ಬಿಟ್ಟಿದ್ದಳಂತೆ. ಎರಡನೆಯ ದಿನವೂ ಅದೇ ಕಥೆ. ನಾನು ಪೆನ್ನು ಕಚ್ಚುತ್ತ, ಹಾಳಾದ ಹಿಂಬಾಗಿಲು ಎಂದು ಶಪಿಸುತ್ತ ಕೂತಿದ್ದೆ. ಅಷ್ಟಾದರೂ ನನ್ನ ತಲೆಗೆ ಹೊಳೆಯಬೇಕಾದದ್ದು ಹೊಳೆಯಲಿಲ್ಲ. ನನ್ನ ಮನಸ್ಸಿನಲ್ಲಿ ತಮ್ಮ ಗುಣವಾದವನು, ಅವನ ಕಡತ ಅಂದೇ ಮುಚ್ಚಿತ್ತು.

ಮೂರನೆಯ ದಿನ ಊಟದ ಹೊತ್ತಿಗೆ ಮುಂಚಿನ ಕರೆ. ಅತ್ತಲಿಂದ ಕಾರಿನ ಇಂಡಿಕೇಟರು ಟಿಕ್ ಟಿಕ್ ಎನ್ನುವುದು ಕೇಳಿಸಿತು. ಆಮೇಲೆ, "ಹಾಂ, ಹೇಳಿ."

ಎರಡೇ ಮಾತು, ಆದರೆ ತೊಟ್ಟಿಲಿನಿಂದ ಕೇಳಿದ ದನಿಯನ್ನು ಗುರುತಿಸಲು ಎರಡು ಮಾತು ಹೆಚ್ಚೇ.

"ನಮಸ್ಕಾರ ಸರ್, ಆರೋಗ್ಯ ಇಲಾಖೆ ಪರವಾಗಿ ಮಾತಾಡ್ತಿದೀನಿ," ಎಂದಳು ಪ್ಲಾಟ್‌ಫಾರಂ. "ನಿಮ್ಮ ಹೆಸರು ನಮ್ಮ ಹತ್ರ ಇಲ್ಲ, ನಾವೂ ಕೇಳಲ್ಲ. ಕರುಳಿನ ಕಾಯಿಲೆ ಬಗ್ಗೆ ಕೆಲವು ಪ್ರಶ್ನೆ. ನಮ್ಮ ಕಡೆಯವರು ಇನ್ನೊಬ್ರು ಕೇಳಿಸ್ಕೊಳ್ತಾ ಇರ್ತಾರೆ, ಪರವಾಗಿಲ್ವಾ?"

"ಕೇಳ್ಲಿ ಬಿಡಿ. ನನ್ನ ಗುರುತು ಯಾರಿಗಿದೆ," ಎಂದ ನನ್ನ ತಮ್ಮ.

ಹೆಡ್‌ಫೋನು ತೆಗೆದಿಡಬಹುದಾಗಿತ್ತು. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಕೈ ಮೇಲಕ್ಕೆ ಹೋಯಿತು, ಕಿವಿಯ ಹತ್ತಿರವೇ ನಿಂತಿತು.

"ಈಗ ಹೇಗಿದೀರಿ ಸರ್?"

"ಚೆನ್ನಾಗಿಲ್ಲ ಮೇಡಂ." ಎಷ್ಟು ಹಗುರಾಗಿ ಹೇಳಿದ! ಮನೆಯಲ್ಲಿ ಒಂದು ವರ್ಷದಿಂದ ಆರಾಮ ಆರಾಮ ಎನ್ನುತ್ತಿದ್ದವನು, ಮುಖ ಕಾಣದ ಹೆಂಗಸಿಗೆ ಮೊದಲ ಪ್ರಶ್ನೆಗೇ ಹೇಳಿಬಿಟ್ಟ. "ರಕ್ತ ಹೋಗ್ತಿದೆ. ಹೋದ ಬೇಸಿಗೆಯಿಂದ. ಈಗೀಗ ದಿನಾ. ನಾನು ಗಾಡಿ ಕಲಿಸೋನು. ಪೆಟ್ರೋಲ್ ಬಂಕ್ ಇರೋ ರಸ್ತೇಲೇ ಕಲಿಸ್ತೀನಿ, ಯಾಕಂದ್ರೆ ಅಲ್ಲಿ ಟಾಯ್ಲೆಟ್ ಇರುತ್ತೆ. ಕಲಿಯೋರು ಪಾಪ, ಮೇಷ್ಟ್ರು ಬರೀ ಬಂಕಿಗೆ ತಿರುಗಿಸೋದನ್ನೇ ಹೇಳ್ಕೊಡ್ತಾರೆ ಅಂತಾರೆ." ಎಂದು ನಕ್ಕ. ನಗುವಿನ ಕೊನೆಗೆ ಉಸಿರು ಹಿಡಿದುಕೊಂಡ. ಆ ಉಸಿರು ನನಗೆ ಗೊತ್ತು, ಹೊಟ್ಟೆ ಹಿಂಡಿದಾಗ ಅವನು ಹಾಗೆ ಹಿಡಿಯುತ್ತಾನೆ.

"ಡಾಕ್ಟರಿಗೆ ತೋರಿಸಿದ್ರಾ ಸರ್?"

"ಇಲ್ಲ."

"ಯಾಕೆ ಅಂತ ಕೇಳ್ಬಹುದಾ?"

ಇಂಡಿಕೇಟರು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಅವನು ಅದನ್ನು ಆರಿಸಿದ.

"ನಮ್ಮಕ್ಕ ಇಂಥದ್ದೇ ಲೆಕ್ಕ ಹಾಕೋ ಕೆಲಸದಲ್ಲಿದಾಳೆ ಮೇಡಂ. ತುಂಬ ಬುದ್ಧಿವಂತೆ. ನಾನು ಕಾಯಿಲೆ ಲೆಕ್ಕದಿಂದ ಇಳಿದೆ ಅಂತ ಅವಳೇ ಎಲ್ಲರ ಮುಂದೆ ಹೇಳಿದ್ಲು. ಲೋಟ ಬಡಿದು ಹೇಳಿದ್ಲು. ನಮ್ಮಮ್ಮ ಅತ್ತುಬಿಟ್ರು. ಅದಾಗಿ ಎರಡು ವಾರಕ್ಕೇ ಶುರುವಾಯ್ತು. ಹೇಗೆ ಹೇಳ್ಲಿ? ನನ್ನನ್ನ ಹೊತ್ಕೊಂಡು ಎಷ್ಟು ವರ್ಷ ಓಡಾಡಿದಾಳೆ ಅವಳು. ಅಷ್ಟು ಸಂತೋಷವಾಗಿ ಅವಳನ್ನ ನಾನು ನೋಡೇ ಇರ್ಲಿಲ್ಲ."

ಪ್ಲಾಟ್‌ಫಾರಂ ನಿಧಾನವಾಗಿ ನನ್ನ ಕಡೆ ತಿರುಗಿದಳು. ಅವಳಿಗೆ ಗೊತ್ತಾಗಿಹೋಯಿತು. ಈ ಊರಿನಲ್ಲಿ ಇಂಥ ಲೆಕ್ಕ ಹಾಕುವ ಅಕ್ಕಂದಿರು ಎಷ್ಟು ಜನ ಇದ್ದಾರು! ನಾನು ಬಾಯಿ ತೆರೆದೆ. ಲೋ, ಗಾಡಿ ಪಕ್ಕಕ್ಕೆ ಹಾಕಿ ಮನೆಗೆ ಬಾರೋ ಎಂದು ಕೂಗಬೇಕಾಗಿತ್ತು. ನನ್ನ ಮೈಕಿನ ತಂತಿಯ ತುದಿ ಮೇಜಿನ ಮೇಲೆ ಬಿದ್ದಿತ್ತು. ಹಾಗೆಯೇ ಕೂತೆ.

"ಸರ್," ಎಂದಳು ಪ್ಲಾಟ್‌ಫಾರಂ. ಅವಳ ದನಿ ಮೊದಲ ಬಾರಿಗೆ ಒಂದಿಷ್ಟು ಅಲುಗಿತು. "ಇದು ಪ್ರಶ್ನೆಯಲ್ಲ, ಎಲ್ಲರಿಗೂ ಕೊನೇಲಿ ಹೇಳೋ ಮಾತು. ರಕ್ತ ಹೋಗ್ತಿದ್ರೆ ಕಾಯ್ಬೇಡಿ. ದಯವಿಟ್ಟು ಆಸ್ಪತ್ರೆಗೆ ಹೋಗಿ."

"ಹೋಗ್ತೀನಿ ಮೇಡಂ," ಎಂದ. ಹೋಗುವುದಿಲ್ಲ ಎನ್ನುವುದನ್ನು ಅವನು ಹೇಳುವುದು ಹಾಗೆಯೇ.

ಕರೆ ಮುಗಿಯಿತು. ಪ್ಲಾಟ್‌ಫಾರಂ ತನ್ನ ನೀರಿನ ಲೋಟವನ್ನು ನನ್ನ ಮುಂದೆ ಸರಿಸಿದಳು. ಅಂದಿನಿಂದ ಇಂದಿನವರೆಗೂ ಅವಳು ಆ ವಿಷಯ ಎತ್ತಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಿಗೆ ಬಿತ್ತಂತೆ. ಚಿಕ್ಕಂದಿನಿಂದ ಕೇಳಿದ ಗಾದೆ, ಯಾರ ಬಗ್ಗೆ ಎಂದು ಅಂದು ತಿಳಿಯಿತು.

ಕರೆಗಳೆಲ್ಲ ಮುಗಿಯುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಅವತ್ತೇ ಹಿಂಬಾಗಿಲನ್ನು ಲೆಕ್ಕದಿಂದ ಕಿತ್ತುಹಾಕಿ, ಸತ್ತವರನ್ನು ಮಾತ್ರ ಇಳಿಸಿ, ಕಂಪ್ಯೂಟರಿನಲ್ಲಿ ಲೆಕ್ಕವನ್ನು ಮತ್ತೆ ಓಡಿಸಿದೆ. ಪರದೆಯ ಮೇಲೆ ಗೆರೆ ಮಲಗಲೇ ಇಲ್ಲ. ಏರಿತು, ಇನ್ನೂ ಏರಿತು, ಚೌಕಟ್ಟಿನ ಮೇಲಂಚಿಗೆ ತಾಗಿ ನಿಂತಿತು. ಚೌಕಟ್ಟು ದೊಡ್ಡದು ಮಾಡಿ ನೋಡಿದರೆ ಹದಿನೈದು ವರ್ಷದಲ್ಲಿ ಈಗಿನ ಎರಡರಷ್ಟು. ಅಕ್ಕಪಕ್ಕದ ಮೇಜಿನವರು ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತರು. ಬಕೆಟ್ಟಿಗೆ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ಎಲ್ಲೋ ಎರಡು ಸಲ ಕೂಡಿದೀಯ ನೋಡು," ಎಂದ ಒಬ್ಬ.

"ಕೂಡಿಲ್ಲ. ಬೇಕಾದ್ರೆ ನೀನೇ ನೋಡು," ಎಂದು ಕುರ್ಚಿ ಬಿಟ್ಟುಕೊಟ್ಟೆ. ಅವನು ನೋಡಿದ, ಇನ್ನೊಬ್ಬಳು ನೋಡಿದಳು. ಹೊಸದಾಗಿ ಹತ್ತುವವರ ಸಂಖ್ಯೆಯೇನೂ ಹೆಚ್ಚಾಗಿರಲಿಲ್ಲ. ಅಲ್ಲಿಯೇ ಎಲ್ಲರಿಗೂ ತಲೆ ಕೆಟ್ಟಿತು. ಹತ್ತುವವರು ಅಷ್ಟೇ ಇದ್ದು ಬಸ್ಸು ಹೇಗೆ ಇಷ್ಟು ತುಂಬುತ್ತದೆ?

ದೊಡ್ಡಮ್ಮ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. "ಯಾರೂ ಇಳೀತಾ ಇಲ್ಲ," ಎಂದರು. "ಇಪ್ಪತ್ತಕ್ಕೆ ಹತ್ತಿದವರು ಎಂಬತ್ತರವರೆಗೂ ಕೂತಿರ್ತಾರೆ. ಸಾಯಲ್ಲ, ಗುಣವೂ ಆಗಲ್ಲ. ನಾವು ಇಷ್ಟು ವರ್ಷ ಕೂತವರನ್ನೇ ಎಬ್ಬಿಸಿ ಹೊರಗೆ ಹಾಕಿದೀವಿ ಕಣಮ್ಮ." ಆಮೇಲೆ ನನ್ನ ಮುಖ ನೋಡಿದವರು ಎಲ್ಲರನ್ನೂ ಅವರವರ ಮೇಜಿಗೆ ಕಳಿಸಿ ನನ್ನನ್ನು ತಮ್ಮ ಕೋಣೆಗೆ ಕರೆದರು.

ಕುರ್ಚಿಯಲ್ಲಿ ಕೂರುವ ಮುಂಚೆಯೇ ನನಗೆ ಅಳು ಬಂತು. "ಇವತ್ತಿನ ಕರೆಯಲ್ಲಿ ಒಂದು…" ಎಂದೆ.

"ಯಾರದು ಅಂತ ಹೇಳ್ಬೇಡ." ಅವರು ಕೈ ಎತ್ತಿ ತಡೆದರು. "ಅಲ್ಲಿ ಕೇಳಿದ್ದು ನಿನ್ನದಲ್ಲ. ಇವತ್ತು ನಿನಗೊಬ್ಬಳಿಗೆ ಬಿಟ್ರೆ ನಾಳೆ ಯಾರೂ ನಮ್ಮ ಹತ್ರ ಬಾಯಿ ಬಿಡಲ್ಲ."

"ಹಾಗಾದ್ರೆ ಸಾಯ್ಲಿ ಅಂತ ಬಿಟ್ಬಿಡ್ಲಾ?" ಎಂದು ಕಿರುಚಿದೆ. ದೊಡ್ಡಮ್ಮನ ಮೇಲೆ ಆವರೆಗೆ ಯಾರೂ ಕಿರುಚಿದ್ದಿಲ್ಲ.

ಅವರಿಗೆ ಸಿಟ್ಟು ಬರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ಕೇಳಿದ್ದನ್ನ ಹೇಳೋ ಹಾಗಿಲ್ಲ. ಆದ್ರೆ ನಿಯಮ ತಪ್ಪು ಅಂತ ಇವತ್ತು ಕಂಡುಹಿಡಿದೆಯಲ್ಲ, ಆ ತಪ್ಪು ನಿನ್ನದು, ನಮ್ಮೆಲ್ಲರದು. ನಮ್ಮ ತಪ್ಪು ಹೇಳಿಕೊಳ್ಳೋದಕ್ಕೆ ಯಾರ ಅಪ್ಪಣೆ ಬೇಕು? ಯಾರ್ಯಾರಿಗೆ ಗುಣವಾಯ್ತು ಅಂತ ಹೇಳಿದ್ಯೋ, ಹೋಗಿ ವಾಪಸ್ ತಗೋ."

ನಾನು ಚೀಲ ಕೂಡ ತೆಗೆದುಕೊಳ್ಳದೆ ಇಳಿದೆ.

ಡ್ರೈವಿಂಗ್ ಸ್ಕೂಲು ನಮ್ಮ ಕಚೇರಿಯಿಂದ ಎರಡು ರಸ್ತೆ ಆಚೆ, ಟೈರು ಅಂಗಡಿಯ ಪಕ್ಕದಲ್ಲಿ. ನನ್ನ ತಮ್ಮ ಕಾರಿನ ಬಾನೆಟ್ಟಿಗೆ ಒರಗಿ ನಿಂತಿದ್ದ. ನೋಡಿದರೆ ಗೊತ್ತಾಗುವಂತಿತ್ತು! ಬೆಲ್ಟಿಗೆ ಹೊಸ ತೂತು ಕೊರೆಸಿದ್ದ, ಅಂಗಿಯ ಕಾಲರಿನಲ್ಲಿ ಕತ್ತು ಸಡಿಲವಾಗಿ ಆಡುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನನಗೆ ಬೇಕಾಗಿತ್ತು. ಪ್ರತಿ ಭಾನುವಾರ ಎದುರಿಗೆ ಕೂತು ಉಂಡಿದ್ದೆ, ಒಮ್ಮೆಯೂ ನೋಡಿರಲಿಲ್ಲ.

"ಏನಕ್ಕ, ಈ ಹೊತ್ತಲ್ಲಿ? ಅಮ್ಮ ಚೆನ್ನಾಗಿದಾರೆ ತಾನೆ?"

"ಚೆನ್ನಾಗಿದಾಳೆ. ನಂಗೆ ಗಾಡಿ ಕಲಿಸು."

"ಈಗಲಾ? ಹತ್ತು ವರ್ಷದಿಂದ ಕರೀತಿದೀನಿ, ಸತ್ರೂ ಬರಲ್ಲ ಅಂದಿದ್ದೆ."

"ಈಗಲೇ."

ಅವನು ಬಾಗಿಲು ತೆರೆದ. ನಾನು ಸ್ಟಿಯರಿಂಗ್ ಹಿಡಿದೆ. ಕ್ಲಚ್ಚು ಬಿಟ್ಟಾಗಲೆಲ್ಲ ಗಾಡಿ ಎಗರಿ ಸತ್ತುಹೋಗುತ್ತಿತ್ತು. ಪಾಪ, ಅವನು ಬೈಯಲಿಲ್ಲ, ನನ್ನ ಹಾಗಲ್ಲ ಅವನು. ಮೂರನೆಯ ಸಲಕ್ಕೆ ಗಾಡಿ ಹೊರಟಿತು. ರಸ್ತೆಯ ಮೇಲೆ ಕಣ್ಣಿಟ್ಟೇ ಹೇಳಿದೆ, ಅವನ ಮುಖ ನೋಡಿದ್ದರೆ ಆಗುತ್ತಿರಲಿಲ್ಲ.

"ಕೇಳೋ. ನಾನೊಂದು ದೊಡ್ಡ ತಪ್ಪು ಮಾಡಿದೀನಿ."

"ಮೊದಲು ಗೇರ್ ಬದಲಾಯಿಸು."

"ಸುಮ್ನೆ ಕೇಳು. ಮೂರು ವರ್ಷ ಆಸ್ಪತ್ರೆಗೆ ಹೋಗ್ಲಿಲ್ಲ ಅಂದ್ರೆ ಕಾಯಿಲೆ ಹೋಯ್ತು ಅಂತ ಹೇಳಿದ್ನಲ್ಲ, ಅದು ಸುಳ್ಳು. ಆ ಕಾಯಿಲೆಗೆ ಹಾಗೆ ಇಳಿಯೋ ಬಾಗಿಲೇ ಇಲ್ಲ. ಇವತ್ತು ಗೊತ್ತಾಯ್ತು. ಮಲಗಿರುತ್ತೆ, ಮತ್ತೆ ಏಳುತ್ತೆ. ಅದು ಎದ್ರೆ ಕಾಯಿಲೆಯವನ ತಪ್ಪಲ್ಲ. ನಾನು ಲೋಟ ಬಡಿದು ಹೇಳಿದ್ದನ್ನ ವಾಪಸ್ ತಗೋತಿದೀನಿ. ನೀನು ಮತ್ತೆ ಲೆಕ್ಕದೊಳಗಿದೀಯ."

ರಸ್ತೆ ನೇರವಾಗಿತ್ತು. ಈಗ ಹೇಳು, ಈಗ ಹೇಳು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವನಾಗಿ ಬಾಯಿ ಬಿಡದಿದ್ದರೆ ನಾನು ಮಾತು ಮುರಿದು ಎಲ್ಲವನ್ನೂ ಹೇಳಿಬಿಡುತ್ತಿದ್ದೆನೋ ಏನೋ.

"ಅಕ್ಕ," ಎಂದ ಆಮೇಲೆ. "ಮುಂದೆ ಎಡಕ್ಕೆ ತಿರುಗಿಸು. ಅಲ್ಲಿ ಬಂಕ್ ಇದೆ."

"ಪೆಟ್ರೋಲ್ ಬೇಕಾ?"

"ಬೇಡ." ಉಸಿರು ಹಿಡಿದುಕೊಂಡ. "ಬೇಗ ತಿರುಗಿಸು, ಆಗ್ತಾ ಇಲ್ಲ."

ಇಂಡಿಕೇಟರು ಹಾಕಲು ಹೋಗಿ ವೈಪರು ಹಾಕಿದೆ. ಹೇಗೋ ತಿರುಗಿಸಿದೆ. ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ ಅವನು ಇಳಿದು ಬಂಕಿನ ಹಿಂಭಾಗಕ್ಕೆ ಓಡಿದ. ಒಣಗಿದ ಗಾಜಿನ ಮೇಲೆ ವೈಪರು ಕಿರುಗುಟ್ಟುತ್ತ ಆಡುತ್ತಲೇ ಇತ್ತು, ಅದನ್ನು ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಅವನು ಬಂದು ಕೂತಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಕೈಚಾಚಿ ವೈಪರು ಆರಿಸಿದ. ಎರಡು ಕೈಯನ್ನೂ ಮಂಡಿಗಳ ನಡುವೆ ಇಟ್ಟುಕೊಂಡು, ನನ್ನ ಕಡೆ ನೋಡದೆ ಎಲ್ಲವನ್ನೂ ಹೇಳಿದ. ಬೇಸಿಗೆ, ರಕ್ತ, ಬಂಕುಗಳು, ಅಮ್ಮನ ಅಡುಗೆಯನ್ನು ಉಂಡು ರಾತ್ರಿಯಿಡೀ ಅನುಭವಿಸಿದ್ದು. ಮೊದಲ ಸಲ ಕೇಳುವವಳಂತೆ ಕೇಳಿದೆ. ನಟಿಸಬೇಕಾಗಲೇ ಇಲ್ಲ, ಮೊದಲ ಸಲಕ್ಕಿಂತ ಎರಡನೆಯ ಸಲ ಹೆಚ್ಚು ಭಯವಾಯಿತು.

"ಬೈಯಲ್ವಾ?" ಎಂದ ಕೊನೆಗೆ.

"ಯಾರನ್ನ ಬೈಲೋ? ಮೊದಲು ಆಸ್ಪತ್ರೆಗೆ ನಡಿ. ಅಮ್ಮಂಗೆ ನಾನೇ ಹೇಳ್ತೀನಿ. ಅಟ್ಟದಿಂದ ಪಾತ್ರೆನೂ ನಾನೇ ಇಳಿಸ್ತೀನಿ."

ಅವನು ಜಾಗ ಬದಲಾಯಿಸಲು ಇಳಿಯಹೋದ, ಹೊಟ್ಟೆ ಹಿಡಿದು ಹಾಗೆಯೇ ಕೂತ. "ನೀನೇ ಓಡಿಸ್ಬೇಕಾಗುತ್ತೆ," ಎಂದ. "ನಂದೊಂದು ಬ್ರೇಕ್ ಇದೆ, ಹೆದರಬೇಡ."

ಹೊರಟೆವು. ಹಿಂದಿನ ಗಾಡಿಗಳವರೆಲ್ಲ ಹಾರನ್ ಬಾರಿಸಿ ನನ್ನ ಜನ್ಮ ಜಾಲಾಡಿದರು. ಆಸ್ಪತ್ರೆಯ ಫಲಕ ದೂರದಲ್ಲಿ ಕಾಣುವಾಗ ಅವನು ಕೇಳಿದ, "ಹದಿನೈದು ವರ್ಷಕ್ಕೆ ನಾವು ಎಷ್ಟು ಜನ ಆಗ್ತೀವಿ ಅಂತ ಬಂತು ಲೆಕ್ಕ?"

"ಈಗಿನ ಎರಡರಷ್ಟು."

"ಅಯ್ಯೋ ದೇವರೇ!" ಅವನು ಸೀಟಿನಲ್ಲೇ ನೆಟ್ಟಗೆ ಕೂತ. "ಅಷ್ಟೊಂದಾ? ಕಡಿಮೆ ಆಗ್ಲಿ ಅಂತ ಬೇಡ್ಕೋ ಅಕ್ಕ."

ಮಧ್ಯಾಹ್ನದಿಂದ ನನ್ನನ್ನು ಹೆದರಿಸುತ್ತಿದ್ದ ಆ ಗೆರೆ ಕಣ್ಣಮುಂದೆ ಬಂತು. ಚೌಕಟ್ಟಿನ ತುದಿಗೆ ತಾಗಿ ನಿಂತ ಗೆರೆ. ಅದರಲ್ಲಿ ಇರುವವರೆಲ್ಲ ಬದುಕಿರುವವರು.

"ಕಡಿಮೆ ಆಗೋದು ಹೇಗೆ ಅಂತ ಗೊತ್ತೇನೋ ನಿಂಗೆ?" ಎಂದೆ. "ಇನ್ನು ಹದಿನೈದು ವರ್ಷಕ್ಕೆ ನಾನು ಮತ್ತೆ ಎಣಿಸ್ತೀನಿ. ಆ ಲೆಕ್ಕದಲ್ಲಿ ನೀನು ಇರ್ಬೇಕು. ಇರ್ಲೇಬೇಕು, ತಿಳೀತಾ?"

"ಇರ್ತೀನಿ," ಎಂದ. ಈ ಸಲ ಅವನು ಬೇರೆ ದನಿಯಲ್ಲಿ ಹೇಳಿದ. "ಈಗ ನೀನು ಎದುರಿಗಿರೋ ಲಾರಿ ನೋಡು."